ತಟ್ಟೆ ಬಡಿಯದ ಜಿರಾಫೆ

ಲೆಕ್ಕದ ಮೇಡಂ ತಮ್ಮ ಜನ್ಮದಲ್ಲಿ ಬೋರ್ಡಿನ ಮೇಲೆ ಒಂದೇ ಒಂದು ತಪ್ಪು ಬರೆದವರಲ್ಲ. ಇದು ನನ್ನ ಮಾತಲ್ಲ, ಅವರದೇ ಮಾತು. ನಿವೃತ್ತರಾದ ದಿನ ಸಹೋದ್ಯೋಗಿಗಳ ಎದುರು ಎದ್ದು ನಿಂತು ಹೇಳಿದರು, ಆಮೇಲೆ ಅಕ್ಕಪಕ್ಕದವರಿಗೆ ಹೇಳಿದರು, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಾಗಲೂ ಹೇಗೋ ಮಾಡಿ ಹೇಳಿಯೇಬಿಟ್ಟರು. ಅವರ ಕೈಲಿ ಲೆಕ್ಕ ಕಲಿತವರಿಗೆ ಈಗ ತಲೆ ನರೆತಿದೆ. ಆದರೂ ಅಂಗಡಿ ಬೀದಿಯಲ್ಲಿ ಮೇಡಂ ಎದುರಾದರೆ ರಸ್ತೆ ದಾಟಿ ಆಚೆ ಬದಿ ಸೇರಿಕೊಳ್ಳುತ್ತಾರೆ. ಮೇಡಂಗೆ ಅದರಿಂದ ಬೇಜಾರಿರಲಿಲ್ಲ. ಹೆದರಿದ ಮಕ್ಕಳು ಮಾತ್ರ ಸರಿಯಾಗಿ ಲೆಕ್ಕ ಕಲಿಯುತ್ತಾರೆ ಎಂದು ಅವರು ನಂಬಿದ್ದರು.

ಇಂಥವರನ್ನು ಅವರ ತಂಗಿಯ ಮಗಳು ಆಟದ ಶಿಬಿರಕ್ಕೆ ಕರೆದಳೆಂದರೆ ಆ ಹುಡುಗಿಗೆ ಎಂಥ ಫಜೀತಿ ಬಂದಿರಬೇಕು, ನೀವೇ ಯೋಚನೆ ಮಾಡಿ.

ತಂಗಿಯ ಮಗಳೂ ಟೀಚರೇ. ಓದು, ಬರಹ, ಲೆಕ್ಕ ಸುಲಭಕ್ಕೆ ಹತ್ತದ ಮಕ್ಕಳಿಗೆ ಕಲಿಸುವವಳು. ಈ ಮಕ್ಕಳ ಬುದ್ಧಿಗೇನೂ ಕಮ್ಮಿಯಿಲ್ಲ. ಒಬ್ಬನಿಗೆ ಅಕ್ಷರಗಳು ಪುಟದ ಮೇಲೆ ನಿಂತಲ್ಲಿ ನಿಲ್ಲುವುದಿಲ್ಲ, ಇನ್ನೊಬ್ಬಳಿಗೆ ಅಂಕಿಗಳಲ್ಲಿ ಯಾವುದು ದೊಡ್ಡದು ಯಾವುದು ಚಿಕ್ಕದು ಎಂದು ಮನಸ್ಸಿಗೆ ಇಳಿಯುವುದಿಲ್ಲ, ಮತ್ತೊಬ್ಬನಿಗೆ ಕುರ್ಚಿಯೇ ಆಗಿಬರುವುದಿಲ್ಲ. ವರ್ಷವಿಡೀ ದಡ್ಡ, ಸೋಮಾರಿ ಅನ್ನಿಸಿಕೊಂಡು ಮುಖ ಸಣ್ಣಗೆ ಮಾಡಿಕೊಂಡವರಿಗೆ ಬೇಸಿಗೆ ರಜೆಯಲ್ಲಿ ಆಟದ ಜೊತೆಗೇ ಪಾಠ. ಒಂದು ಮುದ್ರಣಾಲಯದ ಮಹಡಿಯ ಮೇಲಿನ ಉದ್ದನೆಯ ಕೋಣೆಯನ್ನು ಅದಕ್ಕೆಂದೇ ಹಿಡಿದಿದ್ದಳು. ಕೆಳಗೆ ಯಂತ್ರ ಓಡಿದಾಗ ಮೇಲೆ ನೆಲ ಗುಂಯ್ ಅನ್ನುತ್ತಿತ್ತು. ಒಂದು ಬದಿ ಖಾಲಿ ಇದ್ದ ರದ್ದಿ ಕಾಗದ ಬೇಕಾದಷ್ಟು ಸಿಗುತ್ತಿತ್ತು. ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಅವಳ ಸಹಾಯಕಿ ಮಕ್ಕಳಿಗೆ ಸಮನಾಗಿ ಮೆಟ್ಟಿಲ ಕಂಬಿಯ ಮೇಲೆ ಜಾರಲು ಹೋಗಿ ಕಾಲು ಮುರಿದುಕೊಂಡಳು.

"ದೊಡ್ಡಮ್ಮಾ, ಶಿಬಿರ ಮುಗಿಯೋವರೆಗೆ ಬಾ, ಅಷ್ಟು ಸಾಕು," ಎಂದು ತಂಗಿಯ ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು ಗೋಗರೆದಳು. "ಆದ್ರೆ ಬೈಯೋ ಹಾಗಿಲ್ಲ. ಕಿವಿ ಹಿಂಡೋ ಹಾಗಿಲ್ಲ. 'ಇಷ್ಟೂ ಬರಲ್ವಾ' ಅನ್ನೋ ಹಾಗಂತೂ ಇಲ್ವೇ ಇಲ್ಲ."

"ಮತ್ತೆ ನಾನು ಬಂದು ಮಾಡೋದೇನು? ಬಾಯಿಗೆ ಬೀಗ ಹಾಕ್ಕೊಂಡು ಕೂರೋದಾ?"

"ತಪ್ಪು ಮಾಡೋದು," ಅಂದಳು ಅವಳು.

ಆ ಶಿಬಿರದ ಪದ್ಧತಿಯೇ ಅದು. ಗೋಡೆಯ ಮೊಳೆಗೆ ಒಂದು ಸ್ಟೀಲ್ ತಟ್ಟೆ ನೇತುಹಾಕಿತ್ತು, ಪಕ್ಕದಲ್ಲಿ ದಾರ ಕಟ್ಟಿದ ಚಮಚ. ದಿನಾ ದೊಡ್ಡವರು ಬೇಕೆಂತಲೇ ಒಂದಷ್ಟು ತಪ್ಪು ಮಾಡಬೇಕು. ಅದನ್ನು ಕಂಡುಹಿಡಿದ ಮಗು ಓಡಿಹೋಗಿ ತಟ್ಟೆ ಬಡಿಯಬೇಕು. ಸಿಕ್ಕಿಬಿದ್ದ ದೊಡ್ಡವರು ಆ ಮಗು ಹೇಳಿದ ಪ್ರಾಣಿಯಾಗಿ ಕೋಣೆಗೆ ಒಂದು ಸುತ್ತು ಬರಬೇಕು. ವರ್ಷವೆಲ್ಲ ಸಿಕ್ಕಿಬೀಳುವ ಮಕ್ಕಳಿಗೆ ಇಲ್ಲಿ ಹಿಡಿಯುವ ಸರದಿ. ತಪ್ಪು ಹುಡುಕಬೇಕಾದರೆ ಸರಿ ಯಾವುದು ಎಂದು ಕಣ್ಣಿಟ್ಟು ನೋಡಲೇಬೇಕಲ್ಲ, ಪಾಠ ಅಲ್ಲೇ ಆಗಿಹೋಗುತ್ತಿತ್ತು.

ಇನ್ನೊಂದು ಪದ್ಧತಿ ಹೆಸರಿನದು. ಶಾಲೆಯ ಹೆಸರು ಬಾಗಿಲಾಚೆ. ಒಳಗೆ ಪ್ರತಿ ಮಗುವಿಗೂ ತಾನೇ ಇಟ್ಟುಕೊಂಡ ಹೆಸರು. ಕುರ್ಚಿ ಆಗಿಬರದವನು ಬಿರುಗಾಳಿ. ಅಕ್ಷರಕ್ಕೆ ಅಕ್ಷರ ಕೊಂಡಿ ಹಾಕಿ ಎಳೆದೆಳೆದು ಓದುವವನು ರೈಲು. ಅಂಕಿಗಳು ಮನಸ್ಸಿಗೆ ಇಳಿಯದ, ಎಲ್ಲರಿಗಿಂತ ಕುಳ್ಳಗಿದ್ದ, ಮಾತು ಕಮ್ಮಿಯ ಹುಡುಗಿ ತನಗೆ ಇಟ್ಟುಕೊಂಡ ಹೆಸರು ಜಿರಾಫೆ. ನಿಮ್ಮ ಹೆಸರೇನು ಎಂದು ಮಕ್ಕಳು ಮೇಡಂನ ಕೇಳಿದಾಗ ಅವರು, "ನಂಗ್ಯಾವ ಹೆಸರೂ ಬೇಡ, ನಾನು ಮೇಡಂ," ಎಂದು ಮೂಗು ಮುರಿದರು. ಬಿರುಗಾಳಿ ಬಿಟ್ಟಾನೆಯೇ? ಅವರ ದನಿ ಕೇಳಿದವನೇ "ಅಲಾರಾಂ!" ಅಂದ. ಅವತ್ತಿನಿಂದ ಅವರು ಅಲಾರಾಂ ಮೇಡಂ.

ಈಗ ತಮಾಷೆ ಕೇಳಿ. ತಪ್ಪು ಮಾಡು ಅಂದರೆ ಮೇಡಂಗೆ ಬರಲಿಲ್ಲ! ಮೊದಲ ದಿನ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತರು, ಕೈ ಏಳಲೊಲ್ಲದು. ಕೊನೆಗೆ ಹಲ್ಲು ಕಚ್ಚಿಕೊಂಡು ಒಂದು ಉದ್ದನೆಯ ಭಾಗಾಕಾರ ಬರೆದು ಅದರ ಹೊಟ್ಟೆಯೊಳಗೆಲ್ಲೋ ಒಂದು ಶೇಷವನ್ನು ಬದಲಿಸಿಟ್ಟರು. ಮಕ್ಕಳು ಬಾಯಿ ತೆರೆದುಕೊಂಡು ನೋಡಿದರು. ತಂಗಿಯ ಮಗಳೂ ನೋಡಿದಳು, ಅವಳಿಗೂ ತಿಳಿಯಲಿಲ್ಲ. ಎಷ್ಟು ಹೊತ್ತಾದರೂ ತಟ್ಟೆ ಸದ್ದು ಮಾಡದಿದ್ದಾಗ ಮೇಡಂ ತಾವೇ ತಪ್ಪು ತೋರಿಸಿ, "ಕಣ್ಣೆಲ್ಲಿಟ್ಕೊಂಡಿದ್ರಿ ಎಲ್ರೂ?" ಎಂದು ಗದರಿದರು. ರೈಲು ಮೇಜಿನ ಕೆಳಗೆ ಸೇರಿಕೊಂಡ.

"ದೊಡ್ಡಮ್ಮಾ, ಮಕ್ಕಳು ಹಿಡಿಯೋ ಅಂಥ ತಪ್ಪು ಮಾಡು," ಎಂದು ತಂಗಿಯ ಮಗಳು ತಲೆ ಚಚ್ಚಿಕೊಂಡಳು. "ನೀನು ತಪ್ಪಲ್ಲೂ ಫಸ್ಟ್ ಕ್ಲಾಸ್ ಬರೋಕೆ ಹೊರಟಿದ್ಯಲ್ಲ!"

ಮೇಡಂ ಮುಖ ಊದಿಸಿಕೊಂಡರು, ಆದರೆ ಮಾರನೆಯ ದಿನ ನಾಯಿಗೆ ಐದು ಕಾಲು ಬರೆದರು. ತಟ್ಟೆ ಢಣ್ ಅಂತು. ಬಿರುಗಾಳಿ ಅವರನ್ನು ಕಪ್ಪೆ ಮಾಡಿದ. ಮಂಡಿನೋವಿನ ಮೇಡಂ ಕುಪ್ಪಳಿಸಿ ಕುಪ್ಪಳಿಸಿ ಒಂದು ಸುತ್ತು ಬರುವಷ್ಟರಲ್ಲಿ ಮಕ್ಕಳು ನೆಲದ ಮೇಲೆ ಹೊರಳಾಡಿ ನಗುತ್ತಿದ್ದರು. ಮೇಡಂ ಉಸ್ಸಪ್ಪಾ ಎಂದು ಕೂತರು, ಕನ್ನಡಕ ಒರೆಸಿಕೊಂಡರು, ಮತ್ತೆ ಯಾರಿಗೂ ಕಾಣದ ಹಾಗೆ ಗೋಡೆ ಕಡೆ ತಿರುಗಿ ತಾವೂ ನಕ್ಕರು. ಎಷ್ಟು ವರ್ಷವಾಗಿತ್ತೋ ಹಾಗೆ ನಕ್ಕು, ಹೊಟ್ಟೆ ಹಗುರಾಯಿತು.

ಆಮೇಲೆ ಅವರಿಗೆ ರುಚಿ ಹತ್ತಿತು. ಮರಳು ಹರಡಿದ ಟ್ರೇ ಮೇಲೆ ಬೆರಳಲ್ಲಿ ಅಕ್ಷರ ಬರೆಸಿದರು, ಮೆಟ್ಟಿಲುಗಳಿಗೆ ಅಂಕಿ ಅಂಟಿಸಿ, ಮಕ್ಕಳನ್ನು ಹತ್ತಿಸಿ ಇಳಿಸಿ ಕೂಡುವುದು ಕಳೆಯುವುದು ಕಲಿಸಿದರು. ಎಲ್ಲಕ್ಕಿಂತ ಗದ್ದಲದ ಆಟ ಅಳೆಯುವುದು. ಅಳತೆಪಟ್ಟಿ ಮುಟ್ಟುವ ಹಾಗಿಲ್ಲ, ಮೈಯಲ್ಲೇ ಅಳೆಯಬೇಕು. ಬಿರುಗಾಳಿಯನ್ನು ಮಲಗಿಸಿದರೆ ಅರೆಕ್ಷಣದಲ್ಲಿ ಎದ್ದು ಓಡುತ್ತಿದ್ದ, ಹಾಗಾಗಿ ಅಲ್ಲಾಡದೆ ಮಲಗುವ ಜಿರಾಫೆಯೇ ಎಲ್ಲರ ಅಳತೆಗೋಲು. ಮೇಜು ಒಂದು ಜಿರಾಫೆಗೆ ಸ್ವಲ್ಪ ಕಮ್ಮಿ. ಕಿಟಕಿ ಅರ್ಧ ಜಿರಾಫೆ. ಕೊನೆಯ ದಿನದ ನೆರಳಿನಾಟಕ್ಕೆಂದು ಬಡಗಿ ಮಾಡಿಕೊಟ್ಟಿದ್ದ, ಪರದೆ ಕಟ್ಟುವ ನಾಲ್ಕು ಮಡಿಕೆಯ ಚೌಕಟ್ಟನ್ನು ಬಿಡಿಸಿಟ್ಟರೆ ಎರಡು ಜಿರಾಫೆ, ಮೇಲೊಂದು ಗೇಣು. ಆ ಹುಡುಗಿ ಮಲಗಿ, ಎದ್ದು, ಮತ್ತೆ ಮಲಗಿ, ತನ್ನ ಗೇಣನ್ನು ತಾನೇ ಇಟ್ಟು ಹೇಳಿದ್ದಳು.

ಆದರೆ ತಟ್ಟೆಯನ್ನು ಮಾತ್ರ ಜಿರಾಫೆ ಮುಟ್ಟಿರಲಿಲ್ಲ. ಶಿಬಿರ ಅರ್ಧಕ್ಕೆ ಬಂದರೂ ಒಂದು ಸಲವೂ ಇಲ್ಲ. ಎಲ್ಲರೂ ಬಡಿದಿದ್ದರು, ಮೇಜಿನ ಕೆಳಗಿನ ರೈಲು ಕೂಡ ತೆವಳಿಕೊಂಡು ಬಂದು ಬಡಿದುಹೋಗಿದ್ದ. ತಪ್ಪು ಕಂಡಾಗ ಜಿರಾಫೆಯ ಕಣ್ಣು ಹೊಳೆಯುತ್ತಿದ್ದದ್ದನ್ನು ಮೇಡಂ ಗಮನಿಸಿದ್ದರು. ಕೈ ಸ್ವಲ್ಪ ಏಳುತ್ತಿತ್ತು, ಆಮೇಲೆ ಬೆನ್ನ ಹಿಂದೆ ಹೋಗಿಬಿಡುತ್ತಿತ್ತು. ಮೇಡಂಗೆ ಇದು ಹಟವಾಯಿತು. ಈ ಹುಡುಗಿ ಶಿಬಿರ ಮುಗಿಯುವುದರೊಳಗೆ ತಟ್ಟೆ ಬಡಿಯಬೇಕು, ತಾನು ಬಡಿಸಿಯೇ ತೀರಬೇಕು. ಅವಳಿಗೋಸ್ಕರ ವಾರಕ್ಕೆ ಎಂಟು ದಿನ ಮಾಡಿದರು, ಮೀನಿಗೆ ಕೊಂಬು ಬರೆದರು, ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ಓಡಾಡಿದರು. ಬಿರುಗಾಳಿ ಜಿಗಿಯಲು ಹೋದರೆ ಕಣ್ಣಲ್ಲೇ ಕೂರಿಸಿದರು. ಜಿರಾಫೆ ಜಗ್ಗಲಿಲ್ಲ.

ಒಂದು ಮಧ್ಯಾಹ್ನ ಜಿರಾಫೆಯ ಅಮ್ಮ ಬರುವುದು ತಡವಾಯಿತು. ಆಕೆ ಆಸ್ಪತ್ರೆಯಲ್ಲಿ ನರ್ಸು, ಪಾಳಿ ಮುಗಿದರೂ ಕೆಲಸ ಮುಗಿಯದು. ಮೇಡಂ ಹುಡುಗಿಯ ಜೊತೆ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ಹಂಚಿಕೊಂಡರು. ಕೂತವರು ಸುಮ್ಮನಿರುವ ಜಾತಿಯಲ್ಲವಲ್ಲ.

"ಮೀನಿಗೆ ಕೊಂಬು ಇರಲ್ಲ ಅಂತ ನಿಂಗೆ ಗೊತ್ತಿರ್ಲಿಲ್ವೇನೇ?"

"ಗೊತ್ತಿತ್ತು."

"ಮತ್ತೆ ತಟ್ಟೆ ಯಾಕೆ ಬಡೀಲಿಲ್ಲ?"

ಜಿರಾಫೆ ಬಿಸ್ಕತ್ತಿನ ಅಂಚನ್ನು ಸುತ್ತಲೂ ಕಚ್ಚುತ್ತಾ ಬಂದಳು. "ಅದು ಸುಳ್ಳು ತಪ್ಪು. ನೀವು ಬೇಕಂತ ಮಾಡಿದ್ದು. ಎಲ್ರೂ ಬೇಕಂತ ಮಾಡ್ತಾರೆ." ಬಿಸ್ಕತ್ತನ್ನು ಇನ್ನೊಂದು ಸುತ್ತು ಕಚ್ಚಿ ಅಂದಳು, "ನಿಜವಾದ ತಪ್ಪು ನಾನೊಬ್ಳೇ ಮಾಡೋದು."

ಮೇಡಂಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಎಲ್ಲರೂ ಮಾಡ್ತಾರೆ ಮಗು, ನಾನೂ ಮಾಡ್ತೀನಿ ಅನ್ನೋಣವೆಂದುಕೊಂಡರು, ಅನ್ನದೆ ಇನ್ನೊಂದು ಬಿಸ್ಕತ್ತು ಅವಳ ಕೈಗಿಟ್ಟರು. ತಾನು ತಪ್ಪೇ ಮಾಡಿಲ್ಲವೆಂದು ಊರಿಗೆಲ್ಲ ಡಂಗುರ ಹೊಡೆದುಕೊಂಡು ಬಂದವರು ಯಾವ ಬಾಯಲ್ಲಿ ಹೇಳಬೇಕು? ಅಷ್ಟರಲ್ಲಿ ಅಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ಮೇಡಂ ಅವತ್ತು ಮನೆಗೆ ಹೋಗಿ ಯಾರ ಮೇಲೆಯೋ ಸಿಟ್ಟು ಬಂದವರಂತೆ ಪಾತ್ರೆ ಕುಕ್ಕಿದರು.

ಕೊನೆಯ ದಿನ ಬಂತು. ಹೊತ್ತು ಇಳಿಯುವ ಮುಂಚೆ ಅಪ್ಪ ಅಮ್ಮಂದಿರು ಬರುವವರಿದ್ದರು. ಮಕ್ಕಳು ರಟ್ಟಿನಲ್ಲಿ ಕತ್ತರಿಸಿದ ಪ್ರಾಣಿಗಳು ಸಾಲಾಗಿ ಸಿದ್ಧವಿದ್ದವು, ದೀಪ ಸಿದ್ಧವಿತ್ತು, ಚೌಕಟ್ಟಿಗೆ ಬಿಳಿ ಬಟ್ಟೆ ಬಿಗಿಯುವುದೊಂದು ಬಾಕಿ. ತಂಗಿಯ ಮಗಳು ಕುರ್ಚಿ ತರಲು ಕೆಳಗೆ ಹೊರಟಳು. "ಬಟ್ಟೆ ಕೆಲ್ಸ ನಂಗೆ ಬಿಡು," ಎಂದು ಮೇಡಂ ಸೊಂಟಕ್ಕೆ ಕೈಯಿಟ್ಟರು.

ಚೌಕಟ್ಟಿನ ಒಂದು ಮಡಿಕೆಯನ್ನು ಪಟ್ಟಿಯಲ್ಲಿ ಅಳೆದರು. ಅರವತ್ತೆಂಟು ಸೆಂಟಿಮೀಟರ್. ಅಂಥವು ನಾಲ್ಕು. ಕಾಗದ ಯಾಕೆ, ಬಾಯಲ್ಲೇ ಆಗುವ ಲೆಕ್ಕ. "ಎಂಟು ನಾಲ್ಕಲಿ ಮೂವತ್ತೆರಡು, ಎರಡು..." ಎನ್ನುವಷ್ಟರಲ್ಲಿ ಬಿರುಗಾಳಿ, "ಅಲಾರಾಂ ಮೇಡಂ, ಆನೆ ಸೊಂಡ್ಲು ಕಿತ್ತೋಯ್ತು!" ಎಂದು ಅರಚಿದ. "ಅಂಟು ಹಚ್ಚೋ, ಕುಣೀಬೇಡ!" ಎಂದು ಮೇಡಂ ಗದರಿ ಲೆಕ್ಕಕ್ಕೆ ವಾಪಸು ಬಂದರು. "ಆರು ನಾಲ್ಕಲಿ ಇಪ್ಪತ್ನಾಲ್ಕು. ಇನ್ನೂರ ನಲವತ್ತೆರಡು." ಬಟ್ಟೆಯನ್ನು ನೆಲಕ್ಕೆ ಹಾಸಿ, ಇನ್ನೂರ ನಲವತ್ತೆರಡಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಹುಡುಕಲು ಹೋದರು.

ಬಂದು ನೋಡಿದರೆ ಜಿರಾಫೆ ಬಟ್ಟೆಯ ಮೇಲೆ ಮಲಗಿದ್ದಾಳೆ! ತುದಿಗೆ ತಲೆಯಿಟ್ಟು ನೆಟ್ಟಗೆ ಮಲಗಿ, ಎದ್ದು, ಕಾಲಿದ್ದ ಜಾಗಕ್ಕೆ ತಲೆಯಿಟ್ಟು ಮತ್ತೆ ಮಲಗಿದಳು. ಎರಡು ಜಿರಾಫೆಗೂ ಸಾಲದೆ ಪಾದಗಳು ಗೆರೆಯ ಆಚೆ ಚಾಚಿಕೊಂಡಿದ್ದವು.

"ಏಳೇ, ಏಳು! ಬಿಳೀ ಬಟ್ಟೆ ಕೊಳೆ ಆಗುತ್ತೆ!"

ಜಿರಾಫೆ ಎದ್ದು ಕೂತಳು. "ಇದು ಸಾಲಲ್ಲ," ಅಂದಳು. ಕೇಳಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

"ಲೆಕ್ಕ ಹಾಕಿದೀನಮ್ಮ, ಸಾಲುತ್ತೆ. ನನ್ನ ಲೆಕ್ಕ ತಪ್ಪಲ್ಲ. ಆಚೆ ಸರಿ."

ಹುಡುಗಿ ಒಮ್ಮೆ ಗೋಡೆಯ ತಟ್ಟೆಯನ್ನು ನೋಡಿದಳು, ಒಮ್ಮೆ ತನ್ನ ಪಾದಗಳನ್ನು ನೋಡಿಕೊಂಡಳು. ಕೈ ಬೆನ್ನ ಹಿಂದೆ ಹೋಯಿತು. ಮೇಡಂ ಕಚಕಚನೆ ಕತ್ತರಿಸಿಬಿಟ್ಟರು.

ಕುರ್ಚಿಗಳು ಬಂದವು, ಅಪ್ಪ ಅಮ್ಮಂದಿರೂ ಬಂದು ಕೂತರು. ಎಲ್ಲರ ಎದುರಿಗೇ ಮೇಡಂ ಮತ್ತು ತಂಗಿಯ ಮಗಳು ಬಟ್ಟೆಯ ಎರಡು ತುದಿ ಹಿಡಿದು ಚೌಕಟ್ಟಿಗೆ ಎಳೆದರು. ಎಳೆದರು, ಇನ್ನೂ ಎಳೆದರು. ಬಟ್ಟೆ ಆ ತುದಿ ಮುಟ್ಟಲಿಲ್ಲ. ಒಬ್ಬರು ತೂರಿಹೋಗುವಷ್ಟು ಸಂದು ಉಳಿಯಿತು. ಅದರೊಳಗಿಂದ ಸೊಂಡಿಲು ಹಿಡಿದುಕೊಂಡು ನಿಂತಿದ್ದ ಬಿರುಗಾಳಿ ಪೂರ್ತಿ ಕಾಣಿಸುತ್ತಿದ್ದ.

ಮೇಡಂ ತಲೆಯೊಳಗೆ ಲೆಕ್ಕ ಮತ್ತೊಮ್ಮೆ ಓಡಿತು. ಎಂಟು ನಾಲ್ಕಲಿ ಮೂವತ್ತೆರಡು. ಎರಡು ಇಟ್ಟು, ಮೂರು ದಶಕ... ಅಯ್ಯಯ್ಯೋ! ಆ ಮೂರು ದಶಕ ಎಲ್ಲಿ? ದಶಕ ಮರೆತ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು ತಾವೇ ದಶಕ ಮರೆತಿದ್ದರು.

ಕುರ್ಚಿಗಳಲ್ಲಿದ್ದವರು ಕತ್ತು ಚಾಚಿ ಆ ಸಂದನ್ನೇ ನೋಡಿದರು. ಆದರೆ ತಂಗಿಯ ಮಗಳು ಬಲು ಚಾಲಾಕಿ. ಫಕ್ಕನೆ ಚಪ್ಪಾಳೆ ತಟ್ಟಿ, "ನೋಡಿದ್ರಾ!" ಎಂದು ಕುರ್ಚಿಗಳ ಕಡೆ ತಿರುಗಿದಳು. "ನಮ್ಮ ಶಿಬಿರದಲ್ಲಿ ದೊಡ್ಡವರು ಬೇಕಂತಲೇ ತಪ್ಪು ಮಾಡೋದು, ಮಕ್ಕಳು ಅದನ್ನ ಹಿಡಿಯೋದು. ನಮ್ಮ ದೊಡ್ಡಮ್ಮ ನೋಡಿ, ಕೊನೇ ದಿನ ಅಂತ ಬಟ್ಟೇನೇ ಕತ್ತರಿಸಿಬಿಟ್ಟಿದ್ದಾರೆ!"

ಎಲ್ಲರೂ ಹೋ ಎಂದು ನಕ್ಕರು. ಬಿರುಗಾಳಿಯ ಅಪ್ಪ ಮೇಡಂ ಹತ್ತಿರವೇ ಕಲಿತವನು. ಅವನಂತೂ ಪಕ್ಕದವರಿಗೆ ದೊಡ್ಡದಾಗಿಯೇ ಹೇಳಿದ, "ಬೇಕಂತ ಅಲ್ದೆ ಇನ್ನೇನು! ಮೇಡಂ ಲೆಕ್ಕ ತಪ್ಪೋದುಂಟಾ?"

ಮೇಡಂಗೆ ಹೋದ ಜೀವ ಬಂದಂತಾಯಿತು. ಬಚಾವು! ಮುಖದ ಮೇಲೆ ನಗು ಆಗಲೇ ಅರ್ಧ ಬಂದಿತ್ತು. ಹೌದು, ಬೇಕಂತಲೇ ಮಾಡಿದ್ದು ಎನ್ನುವ ಮಾತೂ ನಾಲಿಗೆಯ ತುದಿಗೆ ಬಂದಿತ್ತು. ಆಗ ಅವರ ಕಣ್ಣು ಜಿರಾಫೆಯ ಮೇಲೆ ಬಿತ್ತು.

ಹುಡುಗಿ ತಟ್ಟೆಯ ಕಡೆಗೆ ಹೊರಟಿದ್ದಳು. ತಾನಾಗಿಯೇ, ಯಾರೂ ಹೇಳದೆ. ತಂಗಿಯ ಮಗಳ ಮಾತು ಕಿವಿಗೆ ಬಿದ್ದು ನಡುದಾರಿಯಲ್ಲಿ ನಿಂತುಬಿಟ್ಟಿದ್ದಳು. "ಓ," ಅಂದಳು. "ಬೇಕಂತಾನಾ." ಮತ್ತೆ ತಿರುಗಿ ಅಮ್ಮನ ಕುರ್ಚಿಯ ಹಿಂದಕ್ಕೆ ಹೋಗಿ ನಿಂತಳು.

ಅಲ್ಲಿಗೆ ಮೇಡಂಗೆ ತಡೆಯಲಾಗಲಿಲ್ಲ. ಮರ್ಯಾದೆ ಹೋಗುತ್ತದೆಂಬ ಭಯಕ್ಕಿಂತ ಆ ಹುಡುಗಿ ಹಿಂದಕ್ಕೆ ಹೋದದ್ದೇ ದೊಡ್ಡದಾಯಿತು. ಕೈಲಿದ್ದ ಬಟ್ಟೆ ಬಿಟ್ಟರು.

"ಬೇಕಂತ ಮಾಡಿದ್ದಲ್ಲ," ಅಂದರು.

ತಂಗಿಯ ಮಗಳು ಕಣ್ಣು ಸನ್ನೆ ಮಾಡಿದಳು. ಮೇಡಂ ಅವಳತ್ತ ನೋಡಲೇ ಇಲ್ಲ. ಅಲಾರಾಂ ದನಿ, ಮೆಟ್ಟಿಲ ಕೆಳಗಿನವರಿಗೂ ಕೇಳುವಂಥದ್ದು.

"ಇದು ಆಟದ ತಪ್ಪಲ್ಲ. ನಿಜವಾಗ್ಲೂ ತಪ್ಪಿದೆ. ದಶಕ ಸೇರಿಸೋದು ಮರೆತೆ. ಈ ಹುಡುಗಿ ಸಾಲಲ್ಲ ಅಂತ ಹೇಳಿದ್ಲು. ಹೇಳಿದ್ದಷ್ಟೇ ಅಲ್ಲ, ಬಟ್ಟೆ ಮೇಲೆ ಮಲಗಿ ಅಳೆದು ತೋರಿಸಿದ್ಲು. ಕೊಳೆ ಆಗುತ್ತೆ ಅಂತ ನಾನೇ ಬೈದು ಎಬ್ಬಿಸಿದೆ. ಅವಳ್ದು ಸರಿ, ನಂದು ತಪ್ಪು."

ಬಿರುಗಾಳಿಯ ಅಪ್ಪ ತೆರೆದ ಬಾಯಿ ಮುಚ್ಚಲಿಲ್ಲ. ಜಿರಾಫೆಯ ಅಮ್ಮ ಮಗಳನ್ನು ನೋಡಲು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದಳು. ಲೆಕ್ಕದ ವಿಷಯದಲ್ಲಿ ಯಾರಾದರೂ 'ಅವಳದು ಸರಿ' ಅಂದದ್ದನ್ನು ಆಕೆ ಇದೇ ಮೊದಲು ಕೇಳಿದ್ದು.

ಕುರ್ಚಿಯ ಹಿಂದಿನಿಂದ ಅರ್ಧ ಮುಖ ಹೊರಗೆ ಬಂತು. "ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

"ನಿಜವಾಗ್ಲೂ ಗೊತ್ತಾಗ್ಲಿಲ್ಲ ಕಣೇ."

"ಪ್ರಾಮಿಸ್?"

"ಪ್ರಾಮಿಸ್. ನಂಗೇ ನಾಚಿಕೆ ಆಗ್ತಿದೆ, ಇನ್ನೆಷ್ಟು ಸಲ ಹೇಳಿಸ್ತೀಯ!"

ಜಿರಾಫೆ ಬಂದಳು. ಓಡಲಿಲ್ಲ, ನಡೆದುಕೊಂಡೇ ಬಂದಳು. ಚಮಚ ಹಿಡಿದು ತಟ್ಟೆಗೆ ಒಂದು ಏಟು ಕೊಟ್ಟಳು. ಸದ್ದು ಸಾಲಲಿಲ್ಲವೇನೋ, ಇನ್ನೊಂದು ಕೊಟ್ಟಳು. ಆಮೇಲೆ ಎಡೆಬಿಡದೆ ಬಡಿದಳು ನೋಡಿ, ಕೆಳಗಿನ ಮುದ್ರಣಾಲಯದವನು ಏನೋ ಅನಾಹುತವಾಯಿತೆಂದು ಮೆಟ್ಟಿಲು ಹತ್ತಿ ಬಂದ. ಮಕ್ಕಳೆಲ್ಲ ಕುಣಿದರು. ರೈಲು ಕೂಗು ಹಾಕಿದ. ತಂಗಿಯ ಮಗಳು ಮೂಗು ಒರೆಸಿಕೊಳ್ಳುತ್ತಾ ಓಡಿಹೋಗಿ ಮೇಜಿನ ಮೇಲಿನ ಗೆರೆ ಗೆರೆಯ ಹೊದಿಕೆಯನ್ನು ಕಿತ್ತು ತಂದು ಸಂದಿಗೆ ಪಿನ್ನು ಚುಚ್ಚಿದಳು.

ಮೇಡಂ ಮಂಡಿ ಸವರಿಕೊಳ್ಳುತ್ತಾ ತಯಾರಾದರು. "ಹೇಳು, ಯಾವ ಪ್ರಾಣಿ? ಕಪ್ಪೆ ಒಂದು ಬೇಡ ಮಾರಾಯ್ತಿ."

ಜಿರಾಫೆ ಯೋಚಿಸಿದಳು. ಬಿರುಗಾಳಿ ಪಕ್ಕದಿಂದ, "ಕಾಂಗರೂ ಅನ್ನು! ಕಾಂಗರೂ!" ಎಂದು ಹೇಳಿಕೊಡುತ್ತಿದ್ದ. ಅವಳು ಅವನ ಕಡೆ ತಿರುಗಲಿಲ್ಲ.

"ಪ್ರಾಣಿ ಬೇಡ," ಅಂದಳು. "ಎಲ್ಲಿ ತಪ್ಪಾಯ್ತು ಅಂತ ತೋರ್ಸಿ."

ಲೆಕ್ಕ ಅಂದರೆ ಹಿಂದೆ ಸರಿಯುತ್ತಿದ್ದ ಹುಡುಗಿ ಕೇಳಿದ್ದು ಇದು. ಮೇಡಂ ನೆಲದ ಮೇಲೆ ಕೂತು ಸೀಮೆಸುಣ್ಣದಲ್ಲಿ ಅರವತ್ತೆಂಟು ಬರೆದರು, ಕೆಳಗೆ ನಾಲ್ಕು. ಜಿರಾಫೆ ಎದುರಿಗೆ ಮೊಣಕಾಲೂರಿ ತಲೆ ತಗ್ಗಿಸಿದಳು. ಎಂಟು ನಾಲ್ಕಲಿ ಮೂವತ್ತೆರಡು ಎಂದು ಮೇಡಂ ಎರಡು ಬರೆದು, ಆರರ ನೆತ್ತಿಯ ಮೇಲಿನ ಖಾಲಿ ಜಾಗದಲ್ಲಿ ಬೆರಳಿಟ್ಟರು.

"ಇಲ್ಲಿ. ಇಲ್ಲೊಂದು ಮೂರು ಕೂರಿಸ್ಬೇಕಿತ್ತು. ಯಾರೋ ಕೂಗಿದ್ರು, ಮರೆತೇಹೋಯ್ತು."

ಹುಡುಗಿ ಆ ಬೆರಳಿದ್ದ ಜಾಗವನ್ನೇ ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿದಾಗ ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ, ಆಶ್ಚರ್ಯವಿತ್ತು.

"ನಾನೂ ಇಲ್ಲೇ ಮರೆಯೋದು," ಅಂದಳು.

ಮೇಡಂ ಸ್ವಲ್ಪ ಪಕ್ಕಕ್ಕೆ ಸರಿದು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟರು.